ನಲವತ್ತೆರಡು ಹಲ್ಲು

ಹಳೇ ಕಾರನ್ನು ರಿವರ್ಸ್ ತೆಗೆಯುವಾಗ ‘ಕುಂಯ್’ ಅಂತ ಒಂದು ರಾಗ ಕೇಳಿದ್ದೀರಲ್ಲ? ಅದು ಸ್ಪರ್ ಗೇರಿನ ದನಿ. ಮುಂದಕ್ಕೆ ಓಡಿಸುವ ಗೇರುಗಳ ಹಲ್ಲು ಓರೆ, ಹಾಗಾಗಿ ಸದ್ದು ಕಡಿಮೆ. ಎಷ್ಟೋ ಕಾರುಗಳಲ್ಲಿ ರಿವರ್ಸಿನದು ಮಾತ್ರ ನೇರ ಹಲ್ಲು. ಸದ್ದು ಮಾಡಿದರೇನಂತೆ, ನೇರ ಹಲ್ಲಿನ ಗೇರನ್ನು ಮನೆಯಲ್ಲೇ ಕೊರೆಯಬಹುದು.

ಅಪ್ಪ ಪೀಣ್ಯದಲ್ಲಿ ಟರ್ನರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲೇತು, ಪುಟ್ಟ ಮಿಲ್ಲಿಂಗ್ ಮಷಿನ್ನು ಇಟ್ಟುಕೊಂಡಿದ್ದಾರೆ. ಈ ಬೇಸಿಗೆಯಲ್ಲಿ ಲೇತಿನ ಚೇಂಜ್ ಗೇರೊಂದರ ಎರಡು ಹಲ್ಲು ಮುರಿದವು. ತಯಾರಿಸಿದ ಕಂಪನಿ ಮುಚ್ಚಿ ವರ್ಷಗಳೇ ಆಗಿವೆ. ಆ ಗೇರಿಲ್ಲದೆ ಲೇತು ತಿರುಗುತ್ತದೆ, ಆದರೆ ಥ್ರೆಡ್ ಹಾಕೋಕೆ ಆಗಲ್ಲ. ಅಪ್ಪನಿಗೆ ಬರುವ ಕೆಲಸವೇ ಮುಕ್ಕಾಲು ಪಾಲು ಥ್ರೆಡ್ಡಿನದು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋದ. ಕೊಟ್ಟುಬಿಡಿ ಅಂದರು ಅಮ್ಮ. ಅಪ್ಪ ಏನೂ ಹೇಳಲಿಲ್ಲ, ಎರಡು ದಿನ ಶೆಡ್ಡಿನ ಬೀಗ ತೆಗೆಯಲಿಲ್ಲ ಅಷ್ಟೆ.

ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಸೇರಿದವಳು. “ನಾವೇ ಮಾಡೋಣಪ್ಪ” ಅಂದೆ. “ಓದಿದ್ದು ನೆನಪಿದೆಯೇನಮ್ಮ?” ಅಂತ ನಕ್ಕರು. ಆದರೆ ವರ್ನಿಯರ್ ತಂದುಕೊಟ್ಟರು.

ಮುರಿದ ಗೇರೇ ತನ್ನ ಜಾತಕ ಹೇಳುತ್ತದೆ. ಹಲ್ಲು 42, ಹೊರವ್ಯಾಸ 88 ಮಿ.ಮೀ. ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ, ಬಂದದ್ದರಿಂದ ವ್ಯಾಸವನ್ನು ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ: 88 ಭಾಗಿಸು 44, ಅಂದರೆ 2. ಹಲ್ಲಿನ ಆಳ ಮಾಡ್ಯೂಲಿನ 2.25 ಪಟ್ಟು, 4.5 ಮಿ.ಮೀ. ಹಲ್ಲಿನ ಪಕ್ಕದ ಬಾಗು ಇನ್ವೊಲ್ಯೂಟ್. ಡಬ್ಬಿಗೆ ಸುತ್ತಿದ ದಾರವನ್ನು ಬಿಗಿಯಾಗಿ ಬಿಚ್ಚುತ್ತಾ ಹೋದರೆ ಅದರ ತುದಿ ಎಳೆಯುವ ಗೆರೆ ಅದು. ಹಲ್ಲು ಕಡಿಮೆಯಾದಷ್ಟೂ ಬಾಗು ಹೆಚ್ಚು, ಅದಕ್ಕೇ ಒಂದೊಂದು ಮಾಡ್ಯೂಲಿಗೆ ಎಂಟು ಕಟರ್‌ಗಳ ಸೆಟ್. 35ರಿಂದ 54 ಹಲ್ಲಿಗೆ 3ನೇ ನಂಬರ್. ಎಸ್‌ಜೆಪಿ ರಸ್ತೆಯಿಂದ ಅದೊಂದನ್ನೇ ತಂದೆವು. ಕೊಳ್ಳುವ ಮುಂಚೆ ಹಳೇ ಗೇರಿನ ಸಂದಿಗೆ ಕಟರ್ ಇಟ್ಟು ಬೆಳಕಿಗೆ ಹಿಡಿದು ನೋಡಿದರು ಅಪ್ಪ. 20 ಡಿಗ್ರಿಯದೋ ಹದಿನಾಲ್ಕೂವರೆಯದೋ ಅಂತ ಬೆಳಕಿನ ಗೆರೆಯಲ್ಲೇ ಗೊತ್ತಾಗುತ್ತದೆ.

ಬೀಡಿನ ತುಂಡನ್ನು 88ಕ್ಕೆ ಇಳಿಸಿದ್ದು ಅದೇ ಲೇತಿನಲ್ಲಿ, ಕೈಯಿಂದ ಫೀಡ್ ಕೊಟ್ಟು.

ಆಮೇಲೆ ಡಿವೈಡಿಂಗ್ ಹೆಡ್. ಹಿಡಿಕೆ 40 ಸುತ್ತು ತಿರುಗಿದರೆ ಗೇರು ಒಂದು ಸುತ್ತು. ನಮಗೆ ಬೇಕಾದ್ದು ಹಲ್ಲಿಗೆ 40/42 ಸುತ್ತು, ಅಂದರೆ 20/21. ತಟ್ಟೆಯಲ್ಲಿ 21 ತೂತಿನ ಸಾಲು ಇದೆ. ಪ್ರತಿ ಹಲ್ಲಿಗೆ 20 ಸಂದು ಮುಂದೆ ಹೋಗಬೇಕು. ಇಲ್ಲಿ ಸಾಫ್ಟ್‌ವೇರಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ಮೋಸ ಇದೆ: ಪಿನ್ನು ಕೂತಿರುವ ತೂತನ್ನೇ ‘ಒಂದು’ ಅಂತ ಎಣಿಸಿದರೆ ಹೋಗುವುದು 19 ಸಂದು. ಆಗ 42 ಹಲ್ಲು ಕೊರೆದ ಮೇಲೂ ಹಿಡಿಕೆಯ ಎರಡು ಸುತ್ತು ಬಾಕಿ ಉಳಿಯುತ್ತದೆ, ಗೇರು ಗುಜರಿಗೆ. ಅದಕ್ಕೇ ಅಪ್ಪ ಮೊದಲು ಕಟರನ್ನು ಬರೀ ತಾಗಿಸಿ ಸುತ್ತಲೂ ಗುರುತು ಹಾಕಿಸಿದರು. 42 ಗುರುತಾದ ಮೇಲೆ ಮುಂದಿನದು ಮೊದಲನೆಯದರ ಮೇಲೇ ಬಿತ್ತು. ನಾವು ಇದನ್ನು ಟೆಸ್ಟಿಂಗ್ ಅಂತೀವಿ, ಅವರು ಅಭ್ಯಾಸ ಅಂತಾರೆ.

ಕಟರಿನ ನಡು ಗೇರಿನ ನಡುವಿಗೆ ಸರಿಯಾಗಿ ಬರಬೇಕು, ಇಲ್ಲದಿದ್ದರೆ ಹಲ್ಲುಗಳು ಒಂದೇ ಕಡೆ ವಾಲುತ್ತವೆ. ಹಿಡಿಕೆ ಯಾವಾಗಲೂ ಒಂದೇ ದಿಕ್ಕಿಗೆ. ಮಿಕ್ಕಿದ್ದು ತಾಳ್ಮೆ. ಮಧ್ಯಾಹ್ನವೆಲ್ಲ ನಾನು ಎಣಿಸಿದೆ, ಅವರು ಕೊರೆದರು. ಅಮ್ಮ ಎರಡು ಸಲ ಕಾಫಿ ತಂದು, ಕರಿ ಪುಡಿಯಾದ ನೆಲ ನೋಡಿ ಹಿಂದಿರುಗಿದರು.

ಜೋಡಿಸುವಾಗ ಎರಡು ಗೇರಿನ ನಡುವೆ ಪೇಪರ್ ತುಂಡು ಸಿಕ್ಕಿಸಿ ಬಿಗಿ ಮಾಡಿದರು, ಪೇಪರಿನಷ್ಟು ಸಡಿಲ ಸಾಕು. ಮೊದಲ ಥ್ರೆಡ್ ಕೊರೆದು ನಟ್ಟು ಹಾಕಿದರು. ಕೊನೆಯವರೆಗೂ ಸಲೀಸಾಗಿ ಹೋಯಿತು. ಗುಜರಿಯವನ ನಂಬರ್ ಇನ್ನೂ ಕ್ಯಾಲೆಂಡರಿನ ಮೇಲೇ ಇದೆ, ಅಪ್ಪ ಮಾತ್ರ ಈಗ ಪಕ್ಕದ 28 ಹಲ್ಲಿನ ಗೇರು ಸವೆದಿದೆ ಅನ್ನುತ್ತಿದ್ದಾರೆ. ಅದಕ್ಕೆ 4ನೇ ನಂಬರ್ ಕಟರ್ ಬೇಕು. ಶನಿವಾರ ಹೋಗಬೇಕು.