ಸತ್ಯ ನುಡಿದವನೂ ಸುಳ್ಳಾಡಿದವಳೂ

ಅಪರ್ಣಾ ಸೇನರವರ ‘ಮಿಸ್ಟರ್ ಅಂಡ್ ಮಿಸೆಸ್ ಅಯ್ಯರ್’ ಎಂಬ ವಾಕ್ಚಿತ್ರವು ೨೦೦೨ರಲ್ಲಿ ಹೊರಬಂದಿತು. ಗುಜರಾತದಲ್ಲಿ ರಕ್ತಪಾತವಾದ ವರ್ಷವೂ ಅದೇ. ರಾಷ್ಟ್ರೀಯ ಐಕ್ಯಕ್ಕಾಗಿ ಆಗ ಕೊಡಲ್ಪಡುತ್ತಿದ್ದ ನರ್ಗಿಸ್ ದತ್ತ ಪ್ರಶಸ್ತಿಯು ಅದಕ್ಕೆ ಸಂದಿತು. ಇಂಥ ಚಿತ್ರಗಳನ್ನು ಹೊಗಳಿ ಮರೆತುಬಿಡುವದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಇದರಲ್ಲಿಯ ಒಂದು ಪ್ರಸಂಗವು ಮರೆಯತಕ್ಕದ್ದಲ್ಲ.

ಮೀನಾಕ್ಷಿ ಎಂಬ ತಮಿಳು ಬ್ರಾಹ್ಮಣ ಗೃಹಿಣಿಯು ಕೈಗೂಸಿನೊಡನೆ ಬೆಟ್ಟದ ಸೀಮೆಯಿಂದ ಕಲಕತ್ತೆಗೆ ಹೊರಟಿರುತ್ತಾಳೆ. ಸಹಪ್ರಯಾಣಿಕನಾದ ರಾಜಾ ಚೌಧರಿಯು ಅವಳಿಗೆ ನೆರವಾಗುತ್ತಾನೆ, ನೀರು ಕೊಡುತ್ತಾನೆ. ಗಲಭೆಯಿಂದ ಬಸ್ಸು ನಡುದಾರಿಯಲ್ಲಿ ನಿಂತಾಗ, ತಾನು ಜಹಾಂಗೀರನೆಂದೂ ಮುಸಲ್ಮಾನನೆಂದೂ ಅವನು ತಿಳಿಸುತ್ತಾನೆ. ಆಗ ಅವಳ ಮನಸ್ಸನ್ನು ಚುಚ್ಚುವದೇನು? ಅವನ ಕೈಯ ನೀರು ಕುಡಿದೆನಲ್ಲಾ ಎಂಬುದು!

ಅಷ್ಟರಲ್ಲಿ ದೊಂಬಿಯವರು ಬಸ್ಸನ್ನೇರಿ ಒಬ್ಬೊಬ್ಬರನ್ನೂ ವಿಚಾರಿಸತೊಡಗುತ್ತಾರೆ. ಸುನ್ನತಿಯ ಗುರುತಿನಿಂದ ತನ್ನನ್ನೇ ಮುಸಲ್ಮಾನನೆಂದಾರೆಂದು ಬೆದರಿದ ಯೆಹೂದ್ಯನೊಬ್ಬನು ಮುಸಲ್ಮಾನ ವೃದ್ಧ ದಂಪತಿಗಳತ್ತ ಬೆರಳು ತೋರುತ್ತಾನೆ. ಅವರನ್ನು ಎಳೆದೊಯ್ದು ಕೊಲ್ಲುತ್ತಾರೆ. ಜಹಾಂಗೀರನು ಮೇಲೇಳಹೋದಾಗ ಮೀನಾಕ್ಷಿಯು ಅವನ ಕೈಗೆ ಕೂಸನ್ನು ಕೊಟ್ಟು ಕೂಡ್ರಿಸುತ್ತಾಳೆ. ಅವನನ್ನು ತನ್ನ ಗಂಡನೆಂದು, ಅಯ್ಯರನೆಂದು, ಹೇಳಿಬಿಡುತ್ತಾಳೆ.

ಬೆರಳು ತೋರಿದವನು ಹೇಳಿದ್ದು ನಿಜ. ಇವಳು ಹೇಳಿದ್ದು ಸುಳ್ಳು. ಕರ್ಣಪರ್ವದ ಕೌಶಿಕನ ಕಥೆಯನ್ನು ವಾಚಕರು ಬಲ್ಲರು. ಸತ್ಯವ್ರತಿಯಾದ ಆತನು, ಅಡವಿ ಹೊಕ್ಕವರ ದಾರಿಯನ್ನು ಕಳ್ಳರಿಗೆ ಯಥಾರ್ಥವಾಗಿ ತಿಳಿಸಿ, ಅವರ ಕೊಲೆಗೆ ಕಾರಣನಾಗಿ ನರಕಕ್ಕಿಳಿದನೆಂದು ಶ್ರೀಕೃಷ್ಣನು ಅರ್ಜುನನಿಗೆ ಹೇಳುತ್ತಾನೆ. ಕೌಶಿಕನಿಗೆ ವ್ರತದ ನೆವವಾದರೂ ಇತ್ತು. ಬಸ್ಸಿನೊಳಗಿನವನಿಗೆ ಇದ್ದುದು ಪ್ರಾಣಭಯವೊಂದೇ. ಮನೆಯ ಜಗಲಿಯಲ್ಲಿ ಕುಳಿತ ನಾವು ಆತನನ್ನು ಬಯ್ಯುವದು ಸುಲಭ. ಆ ಸ್ಥಳದಲ್ಲಿ ನಮ್ಮ ಬೆರಳು ಎತ್ತ ತಿರುಗೀತೆಂಬುದನ್ನು ಆಣೆಯಿಟ್ಟು ಹೇಳಬಲ್ಲವರು ಎಷ್ಟು ಜನ?

ಮೀನಾಕ್ಷಿಯ ಮಡಿಯು ಆ ಗಳಿಗೆಯಲ್ಲಿ ಕರಗಿಹೋಗಿರಲಿಲ್ಲ. ಮನಸ್ಸು ಶುದ್ಧವಾಗಲಿ, ಬಳಿಕ ಐಕ್ಯವು ತಾನೇ ಬಂದೀತೆಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಅವಳು ಮನಸ್ಸಿಗಾಗಿ ಕಾಯಲಿಲ್ಲ. ಕಾಯ್ದಿದ್ದರೆ ಜಹಾಂಗೀರನ ಹೆಣ ಬೀಳುತ್ತಿತ್ತು.

ಅಧಿಕಾರಿವರ್ಗದ ವಾಚಕರು ಲಕ್ಷ್ಯದಲ್ಲಿಡಬೇಕಾದ ಮಾತೊಂದುಂಟು. ಚಿತ್ರದಲ್ಲಿಯ ಪೋಲೀಸ ಅಧಿಕಾರಿಯು ಸಜ್ಜನನೇ. ಈ ‘ದಂಪತಿ’ಗಳಿಗೆ ಅಡವಿಯ ಬಂಗಲೆಯಲ್ಲಿ ಆಸರೆ ಕೊಡಿಸುತ್ತಾನೆ. ಆದರೆ ಬಸ್ಸಿನಲ್ಲಿ ಪ್ರಾಣ ಉಳಿಸಿದ್ದು ಸರಕಾರವಲ್ಲ, ಎರವು ತಂದ ಹೆಸರು. ಆ ಹೆಸರಿಗೆ ಇದ್ದ ರಕ್ಷಣೆಯು ಮುದುಕರಿಬ್ಬರ ಹೆಸರಿಗೆ ಇರಲಿಲ್ಲ. ಪ್ರಜೆಯೊಬ್ಬನು ತನ್ನ ಹೆಸರು ಮರೆಸಿ ಬದುಕಬೇಕಾದಲ್ಲಿ, ಎಲ್ಲ ಪ್ರಜೆಗಳೂ ಸಮಾನರೆಂಬ ಸಂವಿಧಾನದ ಮಾತು ಕಾಗದದ ಮೇಲಷ್ಟೇ ಉಳಿಯುತ್ತದೆ.

ಕೊನೆಗೆ ಕಲಕತ್ತೆಯ ನಿಲ್ದಾಣದಲ್ಲಿ ಮೀನಾಕ್ಷಿಯ ನಿಜವಾದ ಗಂಡನು ಕಾದು ನಿಂತಿರುತ್ತಾನೆ. ಅವನೆದುರು ಅವಳು ಸುಳ್ಳಾಡುವದಿಲ್ಲ. ಇವರು ಜಹಾಂಗೀರ ಚೌಧರಿ, ಕರ್ಫ್ಯೂವಿನಲ್ಲಿ ತನಗೆ ನೆರವಾದ ಮುಸಲ್ಮಾನರು ಎಂದು ಪರಿಚಯಿಸುತ್ತಾಳೆ.