ಕೀಲುನೋವೂ ಸ್ಟೀರಾಯಿಡ್ ಚುಚ್ಚುಮದ್ದೂ

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಕಾರ್ಟಿಸೋನ್ ಕೊಟ್ಟಾಗ, ಸಂಧಿವಾತದಿಂದ ನಡೆಯಲಾರದಿದ್ದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಅದೇ ಕುಲದ ಸ್ಟೀರಾಯಿಡನ್ನು ಇಂದು ಸವೆದ ಮೊಣಕಾಲಿಗೇ ಚುಚ್ಚುವರು. ಉರಿಯೂತ ತಗ್ಗಿ ಕೆಲವು ವಾರ ನೋವು ಅಡಗುವುದು ದಿಟ. ಸವೆದ ಮೃದ್ವಸ್ಥಿ ಮಾತ್ರ ಮರಳಿ ಬೆಳೆಯದು. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಂತಹ 140 ರೋಗಿಗಳ ಪೈಕಿ ಅರ್ಧ ಮಂದಿಗೆ ಸ್ಟೀರಾಯಿಡನ್ನೂ ಉಳಿದವರಿಗೆ ಬರಿಯ ಉಪ್ಪುನೀರನ್ನೂ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಚುಚ್ಚಿದರು. ನೋವಿನಲ್ಲಿ ಗಣನೀಯ ಭೇದ ಕಾಣಲಿಲ್ಲ. ಮೃದ್ವಸ್ಥಿಯಾದರೋ ಮೊದಲಿನವರಲ್ಲಿ 0.21 ಮಿಲಿಮೀಟರ್, ಉಳಿದವರಲ್ಲಿ 0.10 ಮಿಲಿಮೀಟರ್ ತೆಳುವಾಗಿತ್ತು. (ಇದೆಷ್ಟರದು ಎನ್ನುವವರು, ಆ ಪದರದ ದಪ್ಪವೇ ಕೆಲವು ಮಿಲಿಮೀಟರೆಂಬುದನ್ನು ನೆನೆಯಲಿ.) ಆದುದರಿಂದ ಪದೇ ಪದೇ ಚುಚ್ಚಿಸಿಕೊಳ್ಳುವುದನ್ನು ನಾವು ಒಪ್ಪಲಾರೆವು. ಮಧುಮೇಹಿಗಳಿಗೆ ರಕ್ತದ ಸಕ್ಕರೆ ಕೆಲವು ದಿನ ಏರುವುದೂ ಉಂಟು. ಮನೆಯ ಹಿರಿಯರಿಗೆ ಇದು ಎಷ್ಟನೆಯ ಚುಚ್ಚುಮದ್ದೆಂಬುದನ್ನು ಓದುಬಲ್ಲ ಮಕ್ಕಳು ಬರೆದಿಟ್ಟು ವೈದ್ಯರಿಗೆ ತೋರಿಸಲಿ.