ಶಾಲು ಬೇಡ, ತಾಲೀಮಿನಲ್ಲಿ ಜಾಗ ಕೊಡಿ

ಹೊರನಾಡಿನ ಕೆಲವು ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಈಚೆಗೆ ಒಂದು ಪದ್ಧತಿ ಬೆಳೆದಿದೆ. ಕಾರ್ಯಕ್ರಮದ ನಡುವೆ 'ವಿಶೇಷ ಮಕ್ಕಳು' ಎಂದು ಇಬ್ಬರು ಮೂವರನ್ನು ವೇದಿಕೆಗೆ ಕರೆಯುತ್ತಾರೆ. ಒಂದು ಹಾಡು, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಅಧ್ಯಕ್ಷರಿಂದ ಎರಡು ಮಾತು, ಒಂದು ಫೋಟೋ. ಸಭೆ ಕಣ್ಣೊರೆಸಿಕೊಳ್ಳುತ್ತದೆ. ಮರುದಿನದಿಂದ ಮುಂದಿನ ವಾರ್ಷಿಕೋತ್ಸವದವರೆಗೆ ಆ ಮಕ್ಕಳ ಹೆಸರೆತ್ತುವವರಿಲ್ಲ. ಇದು ಗೌರವವಲ್ಲವೆಂದು ನಾವು ನೇರವಾಗಿಯೇ ಹೇಳುತ್ತೇವೆ. ವರ್ಷಕ್ಕೊಮ್ಮೆ ಮರುಗುವುದು ಸುಲಭ, ವಾರಕ್ಕೊಮ್ಮೆ ಜೊತೆಗೆ ಕೂಡುವುದು ಕಷ್ಟ. ನಾವು ಕೇಳುತ್ತಿರುವುದು ಆ ಕಷ್ಟದ್ದನ್ನೇ.

ಇದು ಯಾರ ಮಾತು? ಆಟಿಸಂ ಇರುವವರದು, ಡಿಸ್ಲೆಕ್ಸಿಯಾ ಇರುವವರದು, ಒಂದೆಡೆ ಗಮನ ನಿಲ್ಲದ ಎ.ಡಿ.ಎಚ್.ಡಿ.ಯವರದು, ಡೌನ್ ಸಿಂಡ್ರೋಮ್‌ನೊಡನೆ ಹುಟ್ಟಿದವರದು. ಅವರ ಮಿದುಳು ಬೆಳೆದ ಬಗೆಯೇ ಬೇರೆ. ಇದು ಅಂಟುವ ಕಾಯಿಲೆಯಲ್ಲ, ತಾಯಿ ಸರಿಯಾಗಿ ಸಾಕಲಿಲ್ಲವೆಂದು ಬಂದದ್ದೂ ಅಲ್ಲ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಹೆಸರಿಸಿತ್ತು, ಆಟಿಸಂ ಅದರಲ್ಲಿರಲಿಲ್ಲ. 2016ರ ಕಾಯ್ದೆ 21 ಬಗೆಗಳನ್ನು ಹೆಸರಿಸಿತು. ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕುಗಳು ಆಗ ಪಟ್ಟಿಗೆ ಬಂದವು. ಸಾಂಸ್ಕೃತಿಕ ಬದುಕಿನಲ್ಲಿ ಎಲ್ಲರಿಗೆ ಸರಿಸಮನಾಗಿ ಪಾಲ್ಗೊಳ್ಳುವ ಅವರ ಹಕ್ಕನ್ನು ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ಕಾಪಾಡಬೇಕೆಂದು ಅದೇ ಕಾಯ್ದೆಯ 29ನೆಯ ಸೆಕ್ಷನ್ ವಿಧಿಸುತ್ತದೆ. ಆ ಸೆಕ್ಷನ್ ನಮ್ಮಂಥ ಸಂಘಗಳನ್ನು ಹೆಸರಿಸಿಲ್ಲ, ನಿಜ. ಆದರೆ ಸಂಸ್ಕೃತಿಯ ಹೆಸರಿನಲ್ಲೇ ಹುಟ್ಟಿದ ಸಂಘ ಕಾನೂನು ಬಂದು ಬಾಗಿಲು ತಟ್ಟುವವರೆಗೆ ಕಾಯಬೇಕೆ?

"ಅವರಿಗೆಂದೇ ಬೇರೆ ಶಾಲೆಗಳಿವೆಯಲ್ಲ, ಸಂಘಕ್ಕೇಕೆ ಈ ಉಸಾಬರಿ?" ಎನ್ನುವವರಿದ್ದಾರೆ. ಶಾಲೆ ತರಬೇತಿ ಕೊಡುತ್ತದೆ, ಬಳಗವನ್ನು ಕೊಡುವುದಿಲ್ಲ. ಮೇಲಾಗಿ ಶಾಲೆ ಹದಿನೆಂಟಕ್ಕೋ ಇಪ್ಪತ್ತಕ್ಕೋ ಮುಗಿಯುತ್ತದೆ, ಬದುಕು ಮುಗಿಯುವುದಿಲ್ಲ. ಊರಿನಲ್ಲಾಗಿದ್ದರೆ ಅಂಗಳವಿತ್ತು, ಚಿಕ್ಕಪ್ಪ ದೊಡ್ಡಮ್ಮಂದಿರಿದ್ದರು, ದೇವಸ್ಥಾನದ ಜಗಲಿಯಿತ್ತು. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಇರುವುದು ತಂದೆ, ತಾಯಿ, ಮತ್ತು ಗದ್ದಲವೆಂದು ಗೋಡೆ ಬಡಿಯುವ ನೆರೆಯವರು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟ ಕುಟುಂಬಗಳು ಕಡೆಗೆ ಸಂಘಕ್ಕೆ ಬರುವುದನ್ನೂ ಬಿಡುತ್ತವೆ. ಊರು ಬಿಟ್ಟು ಬಂದವರಿಗೆ ಸಂಘವೇ ಊರು ಎಂದು ಭಾಷಣ ಮಾಡುವವರು ಈ ಮನೆಗಳ ಮಟ್ಟಿಗೂ ಆ ಮಾತನ್ನು ನಿಜ ಮಾಡಿ ತೋರಿಸಲಿ.

ಎರಡನೆಯ ಆಕ್ಷೇಪ ಕಲೆಯ ಮಟ್ಟದ್ದು. "ತಾಳ ತಪ್ಪುತ್ತದೆ, ಕಾರ್ಯಕ್ರಮ ಕೆಡುತ್ತದೆ." ಈ ಮಾತನಾಡುವವರು ನಮ್ಮ ಕಲೆಗಳನ್ನೇ ಸರಿಯಾಗಿ ನೋಡಿಲ್ಲ. ಮುಂದೇನು ಬರುತ್ತದೆಂದು ಮೊದಲೇ ತಿಳಿದಿದ್ದರೆ ಆಟಿಸಂ ಇರುವ ಅನೇಕರ ಮನಸ್ಸು ನಿರಾಳವಾಗಿರುತ್ತದೆ, ಅನಿರೀಕ್ಷಿತವಾದದ್ದು ಅವರನ್ನು ಕಂಗೆಡಿಸುತ್ತದೆ. ಭಜನೆಯನ್ನು ನೋಡಿ: ಗಣಪತಿಯಿಂದ ಆರಂಭ, ಮಂಗಳದಿಂದ ಮುಕ್ತಾಯ. ಒಬ್ಬರು ಹೇಳಿಕೊಟ್ಟ ಸಾಲನ್ನೇ ಎಲ್ಲರೂ ಹೇಳಬೇಕು. ಬಾಯಿ ಬಾರದವನ ಕೈಯಲ್ಲಿ ತಾಳವಿದ್ದರೆ ಸಾಕು, ಅವನೂ ಭಜನೆಯೊಳಗೆ ಬಂದಂತೆಯೇ. ಚುಕ್ಕಿ ರಂಗೋಲಿಗೆ ಲೆಕ್ಕವಿದೆ, ಯಕ್ಷಗಾನದ ಹೆಜ್ಜೆಗೆ ಗೊತ್ತಾದ ಬಾಯಿತಾಳವಿದೆ. ಇವನ್ನು ಕಟ್ಟಿದ ಹಿರಿಯರು ಒಳಬರಲು ಬಾಗಿಲುಗಳನ್ನು ಇಟ್ಟೇ ಕಟ್ಟಿದ್ದಾರೆ. ಚೆಂಡೆಯ ಸದ್ದು ಕೆಲವರ ಕಿವಿಗೆ ನೋವಾಗುತ್ತದೆ ಎಂಬುದೂ ಸತ್ಯ. ಹಾಗಿದ್ದರೆ ಮೈಕಿನ ದನಿ ತಗ್ಗಿಸಿ, ಪಕ್ಕದ ಕೋಣೆಯೊಂದನ್ನು ಸದ್ದಿಲ್ಲದ ಜಾಗವಾಗಿ ತೆರೆದಿಡಿ.

ಫಲ ಬೇಗ ಕಾಣಬೇಕೆಂಬ ಅವಸರವೂ ಬೇಡ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1974ರಲ್ಲಿ ಕಾಟ್ಜ್ ದಂಪತಿಗಳು 'ಕ್ರಿಯೇಟಿವ್ ಗ್ರೋತ್' ಎಂಬ ಕಲಾಶಾಲೆಯನ್ನು ಇಂಥವರಿಗಾಗಿಯೇ ಆರಂಭಿಸಿದರು. ಡೌನ್ ಸಿಂಡ್ರೋಮ್ ಇದ್ದ, ಕಿವಿಯೂ ಕೇಳದ ಜೂಡಿತ್ ಸ್ಕಾಟ್ ಅಲ್ಲಿಗೆ ಬಂದದ್ದು 1987ರಲ್ಲಿ, ಜೀವನದ ಮೂವತ್ತೈದು ವರ್ಷಗಳನ್ನು ಆಶ್ರಯಧಾಮಗಳಲ್ಲಿ ಕಳೆದ ಮೇಲೆ. ಬಂದ ಮೇಲೂ ಸುಮಾರು ಎರಡು ವರ್ಷ ಆಕೆ ಯಾವುದರಲ್ಲೂ ಆಸಕ್ತಿ ತೋರಲಿಲ್ಲ. ಯಾರೂ ಆಕೆಯನ್ನು ಹೊರಗೆ ಹಾಕಲಿಲ್ಲ. ಒಂದು ದಿನ ನೂಲು ಕೈಗೆ ಸಿಕ್ಕಿತು. ಆಕೆ ನೂಲು ಸುತ್ತಿ ಸುತ್ತಿ ಮಾಡಿದ ಶಿಲ್ಪಗಳು 2005ರಲ್ಲಿ ಆಕೆ ತೀರಿಕೊಂಡ ಮೇಲೂ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡಿವೆ. ಎಲ್ಲರೂ ಜೂಡಿತ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮಗೆ ಮುಖ್ಯವಾಗಿ ಕಾಣುವುದು ಆ ಎರಡು ವರ್ಷಗಳ ತಾಳ್ಮೆ. ನಮ್ಮ ಚಿತ್ರಕಲಾ ಸ್ಪರ್ಧೆಗಳಲ್ಲಿ ಒಂದು ಗಂಟೆ ಕಳೆದರೆ ಕಾಗದ ಕಿತ್ತುಕೊಳ್ಳುತ್ತಾರೆ!

ಕಲೆಯಿಂದ ಆಟಿಸಂ ವಾಸಿಯಾಗುತ್ತದೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿ ಹಣ ಕೇಳುವವರನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 900ಕ್ಕೂ ಹೆಚ್ಚು ಪ್ರಕಟಣೆಗಳನ್ನು ಪರಿಶೀಲಿಸಿ ಹೊರತಂದ ವರದಿಯ ಸಾರವಿಷ್ಟೆ: ಹಾಡು, ಕುಣಿತ, ಚಿತ್ರ, ನಾಟಕಗಳಲ್ಲಿ ಪಾಲ್ಗೊಳ್ಳುವುದು ಮನಸ್ಸಿನ ನೆಮ್ಮದಿಗೂ ಆರೋಗ್ಯಕ್ಕೂ ಒಳ್ಳೆಯದು. ಎಲ್ಲರಿಗೂ ಒಳ್ಳೆಯದಾದ ವಸ್ತು ಇವರಿಗೆ ಮಾತ್ರ ಏಕೆ ಬೇಡ?

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಸಂಕಟವಿದೆ. ಮಗುವಿಗೆ ಮಾತು ತಡವಾದರೆ "ಮನೆಯಲ್ಲಿ ಒಂದೇ ಭಾಷೆ ಆಡಿ, ಇಂಗ್ಲಿಷೋ ಹಿಂದಿಯೋ ಇರಲಿ" ಎಂಬ ಸಲಹೆ ಎಷ್ಟೋ ಮನೆಗಳಿಗೆ ಬರುತ್ತದೆ. ಮೊದಲು ಬಿಟ್ಟುಹೋಗುವುದು ಕನ್ನಡ, ಅದರ ಹಿಂದೆಯೇ ಅಜ್ಜಿ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಮಾತಿನಲ್ಲಿ ಹಿಂದೆ ಬೀಳುವುದಿಲ್ಲವೆಂದು ಈ ಕುರಿತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆ ಮಗುವಿಗೆ ಅಜ್ಜಿಯ ಭಾಷೆ ಮರಳಿ ಸಿಗಬೇಕಾದದ್ದು ಹಾಡಿನಲ್ಲಿ, ಕುಣಿತದಲ್ಲಿ, ಸಂಘದ ಚಾಪೆಯ ಮೇಲೆ. ಕನ್ನಡ ಉಳಿಸಿ ಎಂದು ನವೆಂಬರಿನಲ್ಲಿ ಕೂಗುವವರು ಇದನ್ನು ಮಾಡದಿದ್ದರೆ ಇನ್ನೇನು ಮಾಡುವರು?

ಮಾಡಬೇಕಾದದ್ದು ಹೆಚ್ಚೇನಿಲ್ಲ. ವಾರಕ್ಕೊಂದು ದಿನ, ಅದೇ ಹೊತ್ತು, ಅದೇ ಜಾಗ. ಹತ್ತು ಹನ್ನೆರಡು ಮಂದಿ. ಅವರಲ್ಲಿ ಅರ್ಧದಷ್ಟು ಇತರ ಸದಸ್ಯರೂ ಅವರ ಮಕ್ಕಳೂ ಇರಲಿ, ಇಲ್ಲವಾದರೆ ಅದು ಮತ್ತೊಂದು ಪ್ರತ್ಯೇಕ ಪಂಕ್ತಿಯಾದೀತು. ದೊಡ್ಡವರಿಗೂ ಪ್ರವೇಶವಿರಲಿ. ಇಂದಿನ ಕಾರ್ಯಕ್ರಮವೇನೆಂದು ಚಿತ್ರ ಬರೆದು ಗೋಡೆಗೆ ಅಂಟಿಸಿ. ಬಹುಮಾನ ಬೇಡ, ಪ್ರದರ್ಶನದ ಒತ್ತಾಯ ಬೇಡ. ಎದ್ದು ಓಡಾಡುವವರು ಓಡಾಡಲಿ. ವಿಶೇಷ ಶಿಕ್ಷಕರೊಬ್ಬರನ್ನು ಕರೆಸಿ ಸ್ವಯಂಸೇವಕರಿಗೆ ಎರಡು ದಿನ ತಿಳಿವಳಿಕೆ ಕೊಡಿಸಿ. ಏನು ಬೇಕು, ಏನು ಬೇಡ ಎಂದು ಮೊದಲು ಬರುವವರನ್ನೇ ಕೇಳಿ, ಆಮೇಲೆ ಅವರ ತಾಯಿತಂದೆಯರನ್ನು. ವಾರದ ನಡುವೆ ಬೀಗ ಹಾಕಿಕೊಂಡಿರುವ ಸಭಾಂಗಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನಮಗೆ ಹೊಳೆಯುವುದಿಲ್ಲ.

ಸದಸ್ಯ ಬಂಧುಗಳೇ, ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಎತ್ತಿ. ಹಣವಿಲ್ಲ ಎಂಬ ಉತ್ತರ ಬಂದರೆ ಕಳೆದ ವರ್ಷ ಶಾಲು, ಹಾರ, ಸ್ಮರಣಿಕೆಗಳಿಗೆ ಆದ ಖರ್ಚಿನ ಲೆಕ್ಕವನ್ನು ಕಾರ್ಯದರ್ಶಿಗಳಲ್ಲಿ ಕೇಳಿ.